ಫ್ಲೈಟ್ ಸಿಮ್‌ನಲ್ಲಿ ಗಾಳಿ ಲೆಕ್ಕ ಹಾಕಿ ಫ್ಯೂಯಲ್ ತುಂಬಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಜಕ್ಕೂರಿನಿಂದ ಸೆಸ್ನಾ 172 ಅನ್ನುವ ಸಣ್ಣ ವಿಮಾನದಲ್ಲಿ ಮಂಗಳೂರಿಗೆ ಹೊರಟವರು ಬಂಟ್ವಾಳದ ಹತ್ತಿರ ಯಾವುದೋ ತೋಟದಲ್ಲಿ ಇಳಿಯುತ್ತಾರೆ. ದೂರ ಸರಿಯಾಗಿಯೇ ಅಳೆದಿದ್ದರು. ಇಂಜಿನ್ ಗಂಟೆಗೆ ಎಷ್ಟು ಕುಡಿಯುತ್ತದೆ ಅನ್ನುವುದೂ ಗೊತ್ತಿತ್ತು. 45 ನಿಮಿಷ ಹಾರುವಷ್ಟು ರಿಸರ್ವ್ (ಮೀಸಲು ಫ್ಯೂಯಲ್) ಕೂಡ ಹಾಕಿದ್ದರು. ಆದರೂ ಟ್ಯಾಂಕ್ ಖಾಲಿ. ಬೆಂಗಳೂರಿನ ಸಿಮ್ ಗೆಳೆಯರಿಂದ ಮಳೆಗಾಲ ಬಂತೆಂದರೆ ಇದೇ ದೂರು. ಜಾಸ್ತಿ ಜನ ಬೈಯುವುದು ಸಿಮ್ ಅನ್ನು. ತಪ್ಪು ಇರುವುದು ಲೆಕ್ಕದ ಕ್ರಮದಲ್ಲಿ. ಗಾಳಿಯನ್ನು ಕೊನೆಗೆ ಅಂದಾಜಿನಲ್ಲಿ ಸೇರಿಸಿರುತ್ತಾರೆ, ಇಲ್ಲವೇ ಸೇರಿಸಿಯೇ ಇರುವುದಿಲ್ಲ.

ಫ್ಯೂಯಲ್ ಖರ್ಚಾಗುವುದು ಗಡಿಯಾರದ ಲೆಕ್ಕದಲ್ಲಿ, ಮ್ಯಾಪಿನ ಲೆಕ್ಕದಲ್ಲಿ ಅಲ್ಲ. ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡ ಕ್ಯಾಬು ಏರ್‌ಪೋರ್ಟ್ ಇನ್ನೆಷ್ಟು ಕಿಲೋಮೀಟರ್ ಅಂತ ನೋಡಿಕೊಂಡು ಡೀಸೆಲ್ ಸುಡುವುದಿಲ್ಲ, ಅಲ್ವಾ? ಗಾಳಿ ಬದಲಿಸುವುದು ಹೊತ್ತನ್ನು. ಹಾಗಾಗಿ ಮೊದಲು ಗಾಳಿ, ಆಮೇಲೆ ಹೊತ್ತು, ಆಮೇಲೆ ಫ್ಯೂಯಲ್. ಈ ಕ್ರಮ ತಪ್ಪಬಾರದು.

ಇದು ಸಿಮ್‌ಗೆ ಮಾತ್ರ ಬರೆದದ್ದು. ನಿಜವಾದ ವಿಮಾನ ಹಾರಿಸುವವರು ತಮ್ಮ ಇನ್‌ಸ್ಟ್ರಕ್ಟರ್ ಮಾತು ಕೇಳಿ.

## ಮೊದಲು ತಪ್ಪು ಲೆಕ್ಕ ನೋಡೋಣ

ಜಕ್ಕೂರಿನಿಂದ ಮಂಗಳೂರಿಗೆ ಸುಮಾರು 160 ನಾಟಿಕಲ್ ಮೈಲಿ (ಮುಂದೆ ಬರೀ ಮೈಲಿ ಅಂದರೂ ಇದೇ). ದಿಕ್ಕು ಹೆಚ್ಚುಕಡಿಮೆ ನೇರ ಪಶ್ಚಿಮ, 267 ಡಿಗ್ರಿ. ಸೆಸ್ನಾ 115 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಹೋಗುತ್ತದೆ, ಗಂಟೆಗೆ 9 ಗ್ಯಾಲನ್ ಸುಡುತ್ತದೆ ಅಂತ ಇಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಒಂದು ಗಂಟೆ 23 ನಿಮಿಷ, 12.5 ಗ್ಯಾಲನ್. ಟ್ಯಾಕ್ಸಿಗೂ (ರನ್‌ವೇವರೆಗೆ ನೆಲದ ಮೇಲೆ ಓಡುವುದಕ್ಕೆ) ಮೇಲೇರುವುದಕ್ಕೂ 2.5, 45 ನಿಮಿಷದ ರಿಸರ್ವ್‌ಗೆ 6.75. ಒಟ್ಟು ಸುಮಾರು 21.75 ಗ್ಯಾಲನ್. ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ.

ಈಗ ಎದುರಿನಿಂದ 30 ನಾಟ್ ಗಾಳಿ ಬರಲಿ. ನೆಲದ ಮೇಲಿನ ವೇಗ 85ಕ್ಕೆ ಇಳಿಯಿತು. ಪ್ರಯಾಣ ಒಂದು ಗಂಟೆ 53 ನಿಮಿಷ, ಖರ್ಚು 17 ಗ್ಯಾಲನ್. ಇಳಿಯುವಾಗ ಉಳಿಯುವುದು ಕಾಲು ಗಂಟೆಯ ಫ್ಯೂಯಲ್. ಗಾಳಿ 40 ನಾಟ್ ಆದರೆ? 160 ಮೈಲಿಗೆ 75 ನಾಟ್ ವೇಗದಲ್ಲಿ 19.2 ಗ್ಯಾಲನ್, ಮೇಲಿನ 2.5 ಸೇರಿ 21.7. ಬಜ್ಪೆ ರನ್‌ವೇ ಮುಟ್ಟುವ ಹೊತ್ತಿಗೆ ಟ್ಯಾಂಕ್ ಒಣಗಿರುತ್ತದೆ. ಒಂದು ಸುತ್ತು ಜಾಸ್ತಿ ಹೊಡೆದರೆ ಅಷ್ಟೂ ದೂರ ಇಲ್ಲ, ತೋಟವೇ ಗತಿ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಬೇರೆ ಬೇರೆ ಎತ್ತರದ ಗಾಳಿ ತೋರಿಸುವ ಒಂದು ಮ್ಯಾಪ್ ಬೇಕು, ವಿಂಡಿ ಅನ್ನುವ ಹವಾಮಾನದ ವೆಬ್‌ಸೈಟ್ ಸಾಕು. ಅದರಲ್ಲಿ ವೇಗದ ಘಟಕವನ್ನು ನಾಟ್‌ಗೆ ಬದಲಿಸಿಕೊಳ್ಳಿ. ಕಿಲೋಮೀಟರ್‌ನಲ್ಲಿ ಓದಿ ನಾಟ್ ಅಂದುಕೊಂಡವರು ಬಹಳ ಜನ. ಜೆಟ್ ಹಾರಿಸುವವರಿಗೆ ಸಿಂಬ್ರೀಫ್, ಅಂದರೆ ಸಿಮ್‌ಗೆ ಫ್ಲೈಟ್ ಪ್ಲಾನ್ ಮಾಡಿಕೊಡುವ ವೆಬ್‌ಸೈಟ್. ಜೊತೆಗೆ ಕ್ಯಾಲ್ಕ್ಯುಲೇಟರ್, ಕಾಗದ, ಪೆನ್ನು. ಇ6ಬಿ (ಪೈಲಟ್‌ಗಳು ಗಾಳಿ, ಹೊತ್ತು, ಫ್ಯೂಯಲ್ ಲೆಕ್ಕಕ್ಕೆ ಬಳಸುವ ತಿರುಗಣೆ ಪಟ್ಟಿ) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ನಿಮ್ಮ ವಿಮಾನದ ಎರಡು ಅಂಕಿ ಮಾತ್ರ ಖಚಿತವಾಗಿ ಗೊತ್ತಿರಬೇಕು: ಕ್ರೂಸ್‌ನಲ್ಲಿ (ಮೇಲೇರಿ ಸಮನಾಗಿ ಹಾರುವಾಗ) ಟ್ರೂ ಏರ್‌ಸ್ಪೀಡ್, ಅಂದರೆ ಗಾಳಿಯೊಳಗಿನ ನಿಜವಾದ ವೇಗ, ಎಷ್ಟು, ಗಂಟೆಗೆ ಎಷ್ಟು ಸುಡುತ್ತದೆ. ಮ್ಯಾನ್ಯುಯಲ್ ಅಂಕಿಗಿಂತ ನಿಮ್ಮ ಸಿಮ್‌ನ ವಿಮಾನ ಹಾರಿಸಿ ನೋಡಿದ ಅಂಕಿಯೇ ಮೇಲು. ಒಂದೇ ಸೆಸ್ನಾ ಎರಡು ಸಿಮ್‌ನಲ್ಲಿ ಎರಡು ಥರ ಕುಡಿಯುತ್ತದೆ.

## ಹಂತ 1: ಪ್ಲಾನಿನ ಗಾಳಿ, ಸಿಮ್‌ನ ಗಾಳಿ ಒಂದೇ ಮಾಡಿಕೊಳ್ಳಿ

ಇಲ್ಲಿ ತಪ್ಪಿದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ಸಿಂಬ್ರೀಫ್, ವಿಂಡಿ ಎರಡೂ ತೋರಿಸುವುದು ನಿಜವಾದ ಹವಾಮಾನದ ಮುನ್ಸೂಚನೆ. ಸಿಮ್‌ನಲ್ಲಿ ನೀವು ತಿಳಿ ಆಕಾಶದ ಪ್ರೀಸೆಟ್ ಹಾಕಿದರೆ ಅಲ್ಲಿನ ಗಾಳಿಗೂ ಈ ಮುನ್ಸೂಚನೆಗೂ ಸಂಬಂಧವೇ ಇರುವುದಿಲ್ಲ. ಒಂದೋ ಲೈವ್ ವೆದರ್ (ಆ ಹೊತ್ತಿನ ನಿಜವಾದ ಹವಾಮಾನ) ಹಾಕಿ, ಇಲ್ಲವೇ ಸಿಮ್‌ನಲ್ಲಿ ನೀವೇ ಕೂರಿಸಿದ ಗಾಳಿಯನ್ನೇ ಕಾಗದದ ಲೆಕ್ಕಕ್ಕೂ ತೆಗೆದುಕೊಳ್ಳಿ.

ಎರಡನೆಯದು ಹೊತ್ತು. ಪ್ಲಾನರ್ ಕೇಳುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಹೊತ್ತು. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು. ಸಂಜೆ 7ಕ್ಕೆ ಹೊರಡುವವರು 13:30 ಅಂತ ಕೊಡಬೇಕು. 19:00 ಅಂತ ಕೊಟ್ಟರೆ ಮಧ್ಯರಾತ್ರಿ ದಾಟಿ ಅರ್ಧ ಗಂಟೆಯ ಗಾಳಿ ಸಿಗುತ್ತದೆ. ಮಧ್ಯದಲ್ಲಿ ಪಾಜ್ ಒತ್ತಿ ಊಟಕ್ಕೆ ಹೋಗಿ ಎರಡು ಗಂಟೆ ಬಿಟ್ಟು ಬಂದರೂ ಇದೇ ಕಥೆ. ಲೈವ್ ವೆದರ್ ನಿಮಗಾಗಿ ಕಾಯುವುದಿಲ್ಲ.

## ಹಂತ 2: ಎತ್ತರ ಗೊತ್ತುಮಾಡಿ, ಆ ಎತ್ತರದ ಗಾಳಿ ಓದಿ

ಏರ್‌ಪೋರ್ಟ್‌ನ ಮೆಟಾರ್ (ಹವಾಮಾನ ವರದಿ) ಹೇಳುವುದು ನೆಲದ ಗಾಳಿಯನ್ನು. ಅದು ರನ್‌ವೇ ಆರಿಸುವುದಕ್ಕೆ ಸಾಕು. ಫ್ಯೂಯಲ್‌ಗೆ ಬೇಕಾದದ್ದು ನೀವು ಗಂಟೆಗಟ್ಟಲೆ ಹಾರುವ ಎತ್ತರದ ಗಾಳಿ.

ವಿಂಡಿಯಲ್ಲಿ ಎತ್ತರದ ಪಟ್ಟಿ ಒತ್ತಡದ ಹೆಸರಿನಲ್ಲೂ ಇರುತ್ತದೆ. 850 ಅಂದರೆ ಸುಮಾರು 5,000 ಅಡಿ, 700 ಅಂದರೆ 10,000, 500 ಅಂದರೆ 18,000, 300 ಅಂದರೆ 30,000, 250 ಅಂದರೆ 34,000, 200 ಅಂದರೆ 39,000 ಅಡಿ. ನಿಮ್ಮ ಎತ್ತರ ಎರಡರ ನಡುವೆ ಇದ್ದರೆ ಎರಡನ್ನೂ ಓದಿ, ನಡುವಿನ ಅಂಕಿ ಹಿಡಿಯಿರಿ.

ನಮ್ಮ ಕಡೆಯ ಒಂದು ವಿಶೇಷ ಇಲ್ಲಿ ಹೇಳಲೇಬೇಕು. ಮೇಲೆ ಹೋದಷ್ಟೂ ಗಾಳಿ ಜೋರು ಅಂತ ಯೂರೋಪು, ಅಮೆರಿಕದ ಟ್ಯುಟೋರಿಯಲ್‌ಗಳು ಹೇಳುತ್ತವೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ತೀರಾ ಜೋರಾಗಿರುವುದು ಸುಮಾರು 5,000 ಅಡಿಯ ಆಸುಪಾಸಿನಲ್ಲಿ. ಅದಕ್ಕಿಂತ ಮೇಲೆ ಹೋದಂತೆ ಅದು ಕುಗ್ಗುತ್ತದೆ. ಇನ್ನೂ ಮೇಲೆ, ಜೆಟ್‌ಗಳು ಹಾರುವ ಎತ್ತರದಲ್ಲಿ, ಗಾಳಿ ಪೂರ್ತಿ ತಿರುಗಿ ಮೂಡಣದಿಂದ ಬೀಸುತ್ತಿರುತ್ತದೆ. ಅಂದರೆ ಮಳೆಗಾಲದಲ್ಲಿ ಮಂಗಳೂರಿಗೆ ಹೋಗುವ ಸೆಸ್ನಾಗೆ 6,500ಕ್ಕಿಂತ 8,500 ಅಡಿ ಒಳ್ಳೆಯದಾಗುವ ದಿನಗಳು ಬಹಳ. ಘಟ್ಟಕ್ಕಿಂತ ಸಾಕಷ್ಟು ಮೇಲಿರುತ್ತೀರಿ, ಎದುರುಗಾಳಿಯೂ ಕಡಿಮೆ. ವಾಪಸ್ ಬರುವಾಗ ಇದು ತಿರುಗುಮುರುಗು.

ಚಳಿಗಾಲದಲ್ಲಿ ಗಮನ ಉತ್ತರಕ್ಕಿರಲಿ. ಡಿಸೆಂಬರ್, ಜನವರಿಯಲ್ಲಿ ಉತ್ತರ ಭಾರತದ ಮೇಲೆ 39,000 ಅಡಿಯ ಸುತ್ತ ಪಡುವಣ ಜೆಟ್ ಗಾಳಿ 100 ನಾಟ್ ದಾಟುವುದು ಮಾಮೂಲು. ಬೆಂಗಳೂರಿನ ಮೇಲೆ ಶಾಂತವಾಗಿದೆ ಅಂತ ದೆಹಲಿಯ ಪ್ಲಾನ್ ಮಾಡಬೇಡಿ.

## ಹಂತ 3: ದಾರಿಯನ್ನು ತುಂಡು ಮಾಡಿ

ಇಡೀ ದಾರಿಗೆ ಒಂದೇ ಗಾಳಿ ಹಿಡಿಯಬೇಡಿ. ಸಣ್ಣ ವಿಮಾನಕ್ಕೆ ಎರಡು ಮೂರು ತುಂಡು ಸಾಕು. ಮಂಗಳೂರಿನ ದಾರಿಯನ್ನು ಹಾಸನದಲ್ಲಿ ಕತ್ತರಿಸಿ: ಜಕ್ಕೂರು–ಹಾಸನ 88 ಮೈಲಿ, ಹಾಸನ–ಮಂಗಳೂರು 72 ಮೈಲಿ. ಬಯಲಿನ ಗಾಳಿ ಬೇರೆ, ಘಟ್ಟ ದಾಟಿ ಕರಾವಳಿಯ ಗಾಳಿ ಬೇರೆ. ಪ್ರತಿ ತುಂಡಿನ ನಡುಮಧ್ಯದ ಗಾಳಿ ಓದಿ ಬರೆದುಕೊಳ್ಳಿ. ಉದಾಹರಣೆಗೆ ಮೊದಲನೆಯದಕ್ಕೆ 270 ಡಿಗ್ರಿಯಿಂದ 25 ನಾಟ್, ಎರಡನೆಯದಕ್ಕೆ 250ರಿಂದ 40 ನಾಟ್ ಅಂತ ಇಟ್ಟುಕೊಳ್ಳೋಣ.

## ಹಂತ 4: ಎದುರುಗಾಳಿಯ ಪಾಲು ತೆಗೆಯಿರಿ

ಗಾಳಿಯ ದಿಕ್ಕು ಯಾವಾಗಲೂ ಅದು ಬರುವ ಕಡೆಯದು. 270 ಅಂದರೆ ಪಶ್ಚಿಮದಿಂದ ಬರುತ್ತಿದೆ. ವಿಂಡಿಯ ಮ್ಯಾಪಿನಲ್ಲಿ ಗೆರೆಗಳು ಓಡುವುದು ಗಾಳಿ ಹೋಗುವ ಕಡೆಗೆ. ಗೆರೆ ನೋಡಿ ಅಂಕಿ ಊಹಿಸಿದವರ ಲೆಕ್ಕದಲ್ಲಿ ಎದುರುಗಾಳಿ ಹಿಂಗಾಳಿಯಾಗುತ್ತದೆ. ಈ ಒಂದು ತಪ್ಪಿನಿಂದ ಆಗುವ ನಷ್ಟ, ಉಳಿದ ಎಲ್ಲ ತಪ್ಪು ಸೇರಿಸಿದರೂ ಆಗುವುದಿಲ್ಲ. ಎಷ್ಟು ಅಂತ ಹಂತ 7ರಲ್ಲಿ ನೋಡಿ.

ನಿಮ್ಮ ದಿಕ್ಕಿಗೂ ಗಾಳಿಯ ದಿಕ್ಕಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಅಂತ ನೋಡಿ. 20 ಡಿಗ್ರಿ ಒಳಗಿದ್ದರೆ ಪೂರ್ತಿ ಗಾಳಿಯನ್ನೇ ಎದುರುಗಾಳಿ ಅಂತ ಹಿಡಿಯಿರಿ. 30 ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು. 45 ಇದ್ದರೆ ಹತ್ತರಲ್ಲಿ ಏಳು. 60 ಇದ್ದರೆ ಅರ್ಧ. 90 ದಾಟಿದರೆ ಅದು ಹಿಂಗಾಳಿ. ಕ್ಯಾಲ್ಕ್ಯುಲೇಟರ್‌ನಲ್ಲಿ ಕಾಸ್ (ಕೊಸೈನ್) ಒತ್ತಬಲ್ಲವರಿಗೆ ಈ ಅಂದಾಜೂ ಬೇಡ.

ನೇರ ಪಕ್ಕದಿಂದ ಬರುವ ಅಡ್ಡಗಾಳಿ ಲೆಕ್ಕಕ್ಕಿಲ್ಲ ಅನ್ನುವುದೂ ತಪ್ಪು. ಬೆಂಗಳೂರಿನಿಂದ ದೆಹಲಿ ಹೆಚ್ಚುಕಡಿಮೆ ನೇರ ಉತ್ತರ. 450 ನಾಟ್ ಹೋಗುವ ಜೆಟ್‌ಗೆ ಎಡದಿಂದ 120 ನಾಟ್ ಬಡಿದರೆ, ದಾರಿ ಬಿಡದಿರಲು ಮೂತಿಯನ್ನು ಗಾಳಿಯ ಕಡೆ ತಿರುಗಿಸಿಕೊಂಡೇ ಹಾರಬೇಕು. ಆಗ ನೆಲದ ವೇಗ ಸುಮಾರು 434. ಅಂದರೆ 16 ನಾಟ್ ಹೋಯಿತು. ವಾಪಸ್ ಬರುವಾಗಲೂ ಅಷ್ಟೇ ಹೋಗುತ್ತದೆ.

ಮ್ಯಾಗ್ನೆಟಿಕ್ (ದಿಕ್ಸೂಚಿ ತೋರಿಸುವ), ಟ್ರೂ (ಮ್ಯಾಪಿನ) ದಿಕ್ಕಿನ ಗೊಂದಲಕ್ಕೆ ನಮ್ಮಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿ. ಅಮೆರಿಕದ ಸಿಯಾಟಲ್‌ನಲ್ಲೋ ಅಲಾಸ್ಕದಲ್ಲೋ ಹಾರುವಾಗ ಮಾತ್ರ ಹುಷಾರು.

## ಹಂತ 5: ನೆಲದ ವೇಗ, ಹೊತ್ತು, ಫ್ಯೂಯಲ್

ಟ್ರೂ ಏರ್‌ಸ್ಪೀಡ್‌ನಿಂದ ಎದುರುಗಾಳಿ ಕಳೆಯಿರಿ. ಡಯಲ್ ತೋರಿಸುವ ಇಂಡಿಕೇಟೆಡ್ ವೇಗದಿಂದ ಅಲ್ಲ. ಪ್ರತಿ ಸಾವಿರ ಅಡಿಗೆ ಟ್ರೂ ವೇಗ ಡಯಲ್‌ನ ವೇಗಕ್ಕಿಂತ ಸುಮಾರು 2 ಪರ್ಸೆಂಟ್ ಜಾಸ್ತಿ ಆಗುತ್ತ ಹೋಗುತ್ತದೆ.

ಮೊದಲ ತುಂಡು: 115ರಲ್ಲಿ 25 ಕಳೆದು 90 ನಾಟ್. 88 ಮೈಲಿಗೆ 59 ನಿಮಿಷ, 8.8 ಗ್ಯಾಲನ್. ಎರಡನೆಯದು: 17 ಡಿಗ್ರಿ ವ್ಯತ್ಯಾಸ, ಕಾಸ್ ಒತ್ತಿದರೆ ಎದುರುಗಾಳಿ 38, ಅಡ್ಡಗಾಳಿಗೆ ಮೂತಿ ತಿರುಗಿಸಿದ್ದಕ್ಕೆ ಇನ್ನೊಂದು ನಾಟ್ ಹೋಗಿ ವೇಗ 76. 72 ಮೈಲಿಗೆ 57 ನಿಮಿಷ, 8.5 ಗ್ಯಾಲನ್. ದೂರ 16 ಮೈಲಿ ಕಡಿಮೆಯಿದ್ದರೂ ಹೊತ್ತು ಮಾತ್ರ ಹತ್ತಿರ ಹತ್ತಿರ ಅಷ್ಟೇ. ಒಟ್ಟು 17.3 ಗ್ಯಾಲನ್.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಅಂತ ಹೋಗಿಬರುವುದಕ್ಕೆ ಒಟ್ಟಿಗೆ ತುಂಬಿಸುವವರಿದ್ದಾರೆ. ಸಿಗುವುದಿಲ್ಲ. ಗಾಳಿಯಿಲ್ಲದೆ 160 ಮೈಲಿ ಹೋಗಿಬರಲು 25 ಗ್ಯಾಲನ್ ಬೇಕಾದರೆ, ಹೋಗುವಾಗ 30 ಎದುರು, ಬರುವಾಗ 30 ಹಿಂದೆ ಇದ್ದರೆ 26.9 ಬೇಕು. ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಅದಕ್ಕೇ ಎರಡೂ ವಜಾ ಆಗುವುದಿಲ್ಲ.

## ಹಂತ 6: ಉಳಿದ ಫ್ಯೂಯಲ್ ಕೂಡಿಸಿ

ಆಲ್ಟರ್ನೇಟ್‌ಗೂ (ಇಳಿಯಲಾಗದಿದ್ದರೆ ಹೋಗುವ ಬದಲಿ ಏರ್‌ಪೋರ್ಟ್‌ಗೂ) ಗಾಳಿ ಲೆಕ್ಕ ಹಾಕಬೇಕು. ಮಂಗಳೂರು ಮಳೆಯಲ್ಲಿ ಮುಚ್ಚಿದರೆ ಕಣ್ಣೂರು ಸುಮಾರು 73 ಮೈಲಿ. ದಿಕ್ಕು ಆಗ್ನೇಯ, ಗಾಳಿ ಪಕ್ಕದಿಂದ. 39 ನಿಮಿಷ, 5.9 ಗ್ಯಾಲನ್. ದೆಹಲಿಯಲ್ಲಿ ಚಳಿಗಾಲದ ಮಂಜು ಕವಿದಾಗ ಇದು ಇನ್ನೂ ಮುಖ್ಯ. ಜೈಪುರ ಹತ್ತಿರ, ಆದರೆ ಗಾಳಿಗೆ ಎದುರು. ಲಖನೌ ದೂರ, ಆದರೆ ಗಾಳಿ ಬೆನ್ನಿಗೆ.

ಕಂಟಿಂಜೆನ್ಸಿ (ಅನಿರೀಕ್ಷಿತಕ್ಕೆ ಇಡುವ ಫ್ಯೂಯಲ್) ಪ್ರಯಾಣದ ಫ್ಯೂಯಲ್‌ನ 5 ಪರ್ಸೆಂಟ್, ಇಲ್ಲಿ 0.9. ಕೊನೆಯ ರಿಸರ್ವ್ ಪಿಸ್ಟನ್ ಇಂಜಿನ್‌ಗೆ 45 ನಿಮಿಷ, ಜೆಟ್‌ಗೆ 30 ನಿಮಿಷ. ಗೊತ್ತಿರುವ ಗಾಳಿಗೆ ಇವೆರಡನ್ನೂ ಮುಟ್ಟಬೇಡಿ. ಕಂಟಿಂಜೆನ್ಸಿ ಇರುವುದು ಗೊತ್ತಿಲ್ಲದ್ದಕ್ಕೆ. "ರಿಸರ್ವ್ ಇದೆಯಲ್ಲ, ಗಾಳಿಗೆ ಸಾಕು" ಅನ್ನುವವರೇ ಬಂಟ್ವಾಳದ ತೋಟಕ್ಕೆ ಇಳಿಯುವವರು.

ಇದರ ಮೇಲೆ ನಾನು ಇನ್ನೊಂದು ಸೇರಿಸುತ್ತೇನೆ. ಮುನ್ಸೂಚನೆಗಿಂತ 10 ನಾಟ್ ಜಾಸ್ತಿ ಬೀಸಿದರೆ ಏನಾಗುತ್ತದೆ ಅಂತ ಹಂತ 5ನ್ನು ಮತ್ತೊಮ್ಮೆ ಮಾಡಿ. ವೇಗ 80 ಮತ್ತು 66, ಖರ್ಚು 19.7. ಅಂದರೆ 2.4 ಗ್ಯಾಲನ್ ಹೆಚ್ಚುವರಿ. ಮಳೆಗಾಲದಲ್ಲಿ ಇದನ್ನು ಹಾಕದೆ ಹೊರಡಬೇಡಿ.

ಕೂಡಿಸಿ: 2.5, 17.3, 0.9, 5.9, 6.75, 2.4. ಒಟ್ಟು ಸುಮಾರು 36 ಗ್ಯಾಲನ್. ತಪ್ಪು ಲೆಕ್ಕದಲ್ಲಿ ಬಂದದ್ದು 22ರ ಹತ್ತಿರ. ಸಿಮ್ ಪೌಂಡ್‌ನಲ್ಲಿ ಕೇಳಿದರೆ ಗ್ಯಾಲನ್‌ಗೆ 6 ಪೌಂಡ್‌ನಂತೆ 216. ಸೆಸ್ನಾ 172ಎಸ್ ಟ್ಯಾಂಕಿನಲ್ಲಿ ಹಿಡಿಯುವ 56 ಗ್ಯಾಲನ್‌ನಲ್ಲಿ ಬಳಕೆಗೆ ಸಿಗುವುದು 53. ಸ್ಲೈಡರ್ ಎಳೆದು ಪರ್ಸೆಂಟ್ ಲೆಕ್ಕದಲ್ಲಿ ತುಂಬಿಸುವವರು ಇದನ್ನು ಮರೆಯುತ್ತಾರೆ.

## ಹಂತ 7: ಜೆಟ್‌ಗೆ ಗಾಳಿಯ ಮೈಲಿ

ಜೆಟ್‌ನಲ್ಲಿ ಸುಲಭದ ದಾರಿಯೆಂದರೆ ನೆಲದ ಮೈಲಿಯನ್ನು ಗಾಳಿಯ ಮೈಲಿ, ಅಂದರೆ ವಿಮಾನ ಗಾಳಿಯೊಳಗೆ ಸಾಗಬೇಕಾದ ದೂರ, ಮಾಡಿಕೊಳ್ಳುವುದು. ನೆಲದ ದೂರವನ್ನು ಟ್ರೂ ವೇಗದಿಂದ ಗುಣಿಸಿ ನೆಲದ ವೇಗದಿಂದ ಭಾಗಿಸಿ.

ಜುಲೈನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಪೋರ್ಟ್ ಬ್ಲೇರ್‌ಗೆ, ಈಗಿನ ಹೆಸರು ಶ್ರೀ ವಿಜಯಪುರಂ, ಏರ್‌ಬಸ್ ಎ320ಯಲ್ಲಿ ಹೊರಟಿದ್ದೀರಿ. ದೂರ ಸುಮಾರು 890 ಮೈಲಿ, ನೇರ ಪೂರ್ವಕ್ಕೆ. ಬೆಂಗಳೂರಿನ ನೆಲದ ಮೇಲೆ ಪಡುವಣ ಗಾಳಿ, ರನ್‌ವೇ 27ರಿಂದ ಟೇಕಾಫ್. ಪೂರ್ವಕ್ಕೆ ಹೋಗುವುದು, ಹಿಂಗಾಳಿ ಸಿಕ್ಕೇ ಸಿಗುತ್ತದೆ ಅನ್ನಿಸುತ್ತದೆ. ಆದರೆ 37,000 ಅಡಿಯಲ್ಲಿ ಗಾಳಿ ಮೂಡಣದಿಂದ. 40 ನಾಟ್ ಎದುರು ಇದ್ದರೆ 450ರ ವೇಗ 410 ಆಗುತ್ತದೆ, 890 ಮೈಲಿ 977 ಆಗುತ್ತದೆ. ಹಿಂಗಾಳಿ ಅಂದುಕೊಂಡವರ ಲೆಕ್ಕದಲ್ಲಿ ಅದು 817. ನಡುವೆ 160 ಮೈಲಿ. ಗಂಟೆಗೆ 2,400 ಕೆಜಿ ಸುಟ್ಟರೆ ಮೈಲಿಗೆ 5.3 ಕೆಜಿ, ಅಂದರೆ 850 ಕೆಜಿ ಕೊರತೆ. ಎ320ಯ ಅರ್ಧ ಗಂಟೆಯ ರಿಸರ್ವ್ ಸುಮಾರು 1,100 ಕೆಜಿ. ಪ್ಲಸ್ ಮೈನಸ್ ಅದಲುಬದಲಾದದ್ದಕ್ಕೆ ಅದರ ಮುಕ್ಕಾಲು ಭಾಗ ಹೋಯಿತು. ಸುತ್ತ ಸಮುದ್ರ, ಇನ್ನೊಂದು ರನ್‌ವೇ ಹತ್ತಿರದಲ್ಲಿಲ್ಲ.

ಸಿಂಬ್ರೀಫ್ ಈ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ. ಆದರೆ ಪ್ಲಾನ್ ಬಂದ ಕೂಡಲೇ ನೋಡಬೇಕಾದ ಸಾಲು ಸರಾಸರಿ ಗಾಳಿಯದ್ದು. ಎಂ040 ಅಂದರೆ 40 ನಾಟ್ ಎದುರುಗಾಳಿ, ಪಿ040 ಅಂದರೆ ಹಿಂಗಾಳಿ. ನೀವು ಮ್ಯಾಪಿನಲ್ಲಿ ನೋಡಿದ್ದಕ್ಕೂ ಇದಕ್ಕೂ ತಾಳೆ ಬರದಿದ್ದರೆ ಅಲ್ಲೇ ನಿಲ್ಲಿ. ಹೊತ್ತೋ ಎತ್ತರವೋ ತಪ್ಪಾಗಿದೆ.

ಆಮೇಲೆ ಇನ್ನೊಂದು ಎತ್ತರಕ್ಕೆ ಪ್ಲಾನ್ ಮಾಡಿಸಿ ನೋಡಿ, 33,000 ಅಡಿಗೆ. ಕೆಳಗೆ ಇಂಜಿನ್ ಜಾಸ್ತಿ ಕುಡಿಯುತ್ತದೆ, ಆದರೆ ಮುಂಗಾರಿನಲ್ಲಿ ಎದುರುಗಾಳಿ ಕಡಿಮೆ ಇರಬಹುದು. ಯಾವುದು ಗೆಲ್ಲುತ್ತದೆ ಅಂತ ಎರಡರ ಟ್ರಿಪ್ ಫ್ಯೂಯಲ್ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಕಾಕ್‌ಪಿಟ್‌ನಲ್ಲಿ ಇನ್ನೊಂದು ಕೆಲಸ ಬಾಕಿ. ಎಂಸಿಡಿಯು (ಪ್ಲಾನ್ ತುಂಬಿಸುವ ಕೀಲಿಮಣೆ ಪರದೆ) ಇನಿಟ್ ಬಿ ಪುಟದ ಟ್ರಿಪ್ ವಿಂಡ್ ಜಾಗದಲ್ಲಿ ಮೈನಸ್ 40 ತುಂಬಿಸಿ. ಖಾಲಿ ಬಿಟ್ಟರೆ ವಿಮಾನ ಗಾಳಿ ಇಲ್ಲವೆಂದೇ ಲೆಕ್ಕ ಹಾಕುತ್ತದೆ. ಇಳಿಯುವಾಗ ಇಷ್ಟು ಉಳಿಯುತ್ತದೆ ಅಂತ ಆರಾಮಾಗಿ ತೋರಿಸಿ, ದಾರಿಯುದ್ದಕ್ಕೂ ಆ ಅಂಕಿಯನ್ನು ಇಳಿಸುತ್ತ ಹೋಗುತ್ತದೆ.

## ಹಂತ 8: ಹಾರುವಾಗ ತಾಳೆ ನೋಡಿ

ಹೊರಡುವ ಮೊದಲೇ ಕಾಗದದಲ್ಲಿ ಮೂರು ಅಂಕಿ ಇರಬೇಕು. ಹಾಸನಕ್ಕೆ 59 ನಿಮಿಷ. ಅಲ್ಲಿ ಇರಬೇಕಾದದ್ದು 24.7 ಗ್ಯಾಲನ್. ಅಲ್ಲಿ ಇರಲೇಬೇಕಾದದ್ದು 21.2, ಅಂದರೆ ಮುಂದಿನ ತುಂಡು, ಕಣ್ಣೂರು, ರಿಸರ್ವ್ ಮೂರೂ ಸೇರಿ.

ಹಾಸನ ತಲುಪಲು 66 ನಿಮಿಷ ಹಿಡಿಯಿತು ಅನ್ನಿ. ವೇಗ 80, ಎದುರುಗಾಳಿ ನೀವಂದುಕೊಂಡದ್ದಕ್ಕಿಂತ 10 ನಾಟ್ ಜಾಸ್ತಿ. ಮುಂದೆಯೂ ಹಾಗೇ ಇರುತ್ತದೆ ಅಂತಲೇ ಹಿಡಿದು ಎರಡನೇ ತುಂಡಿಗೆ 66 ನಾಟ್‌ನಲ್ಲಿ ಮತ್ತೆ ಲೆಕ್ಕ ಹಾಕಿ. ಘಟ್ಟ ದಾಟಿದ ಮೇಲೆ ಕಡಿಮೆಯಾಗಬಹುದು ಅನ್ನುವ ಆಸೆ ಬೇಡ.

ಏರ್‌ಬಸ್‌ನಲ್ಲಿ ನ್ಯಾವಿಗೇಶನ್ ಪರದೆಯ ಎಡ ಮೇಲ್ಮೂಲೆಯಲ್ಲಿ ನೆಲದ ವೇಗ, ಟ್ರೂ ವೇಗ, ಗಾಳಿ ಮೂರೂ ಇರುತ್ತವೆ. ಜಿ1000 (ಡಿಜಿಟಲ್ ಪರದೆಗಳು) ಇರುವ ಸೆಸ್ನಾದಲ್ಲಿ ಪಿಎಫ್‌ಡಿ ಬಟನ್ ಒತ್ತಿ ವಿಂಡ್ ಆಯ್ದುಕೊಂಡರೆ ಸಾಕು.

## ಎಚ್ಚರಿಕೆಯ ಗುರುತುಗಳು

ಮುಟ್ಟುವ ಹೊತ್ತು ಪ್ರತಿ ಸಲ ನೋಡಿದಾಗಲೂ ಒಂದೆರಡು ನಿಮಿಷ ಮುಂದಕ್ಕೆ ಹೋಗುತ್ತಿದ್ದರೆ ಎದುರುಗಾಳಿ ಏರುತ್ತಿದೆ. ಒಂದು ಸಲ ಹೋಗಿ ನಿಂತರೆ ಪರವಾಗಿಲ್ಲ. ಹೋಗುತ್ತಲೇ ಇದ್ದರೆ ಎತ್ತರ ಬದಲಿಸಿ ನೋಡಿ, ಹತ್ತು ನಿಮಿಷ ಕಾಯಿರಿ, ಮತ್ತೆ ಓದಿ.

ನೆಲದ ವೇಗ ಪ್ಲಾನಿನಷ್ಟೇ ಇದೆ, ಆದರೂ ಫ್ಯೂಯಲ್ ಬೇಗ ಇಳಿಯುತ್ತಿದೆ. ಆಗ ಗಾಳಿಯನ್ನು ದೂರಬೇಡಿ. ಸೆಸ್ನಾದಲ್ಲಿ 8,500 ಅಡಿಗೆ ಹೋದ ಮೇಲೂ ಮಿಕ್ಸ್ಚರ್ (ಇಂಜಿನ್‌ಗೆ ಹೋಗುವ ಗಾಳಿ–ಫ್ಯೂಯಲ್ ಪ್ರಮಾಣದ ಹಿಡಿ) ಪೂರ್ತಿ ಮುಂದಿಟ್ಟಿದ್ದೀರಾ ನೋಡಿ. ಲೀನ್ ಮಾಡದಿದ್ದರೆ (ಅದನ್ನು ಹಿಂದಕ್ಕೆಳೆದು ಫ್ಯೂಯಲ್ ಕಡಿಮೆ ಮಾಡದಿದ್ದರೆ) 9 ಗ್ಯಾಲನ್ ಅನ್ನುವ ನಮ್ಮ ಲೆಕ್ಕವೇ ಸುಳ್ಳು. ಜೆಟ್‌ನಲ್ಲಾದರೆ ತೂಕ ಸರಿಯಾಗಿ ತುಂಬಿಸಿದ್ದೀರಾ, ಪ್ಲಾನ್ ಮಾಡಿದ ಎತ್ತರದಲ್ಲೇ ಇದ್ದೀರಾ ಅಂತ ನೋಡಿ.

ಪರದೆಯ ಗಾಳಿ ಒಂದೇ ಸಲಕ್ಕೆ ದಿಕ್ಕು ತಿರುಗಿಸಿದರೆ, ಅಥವಾ ಸೊನ್ನೆಗೆ ಬಿದ್ದರೆ, ಲೈವ್ ವೆದರ್ ಕೈಕೊಟ್ಟಿರಬಹುದು. ಇಂಟರ್ನೆಟ್ ಹೋದಾಗ ಹೀಗಾಗುತ್ತದೆ. ಗಾಳಿ ನಿಂತಿತು ಅಂತ ಖುಷಿಪಟ್ಟು ಮುಂದೆ ಹೋಗಬೇಡಿ, ನೆಟ್ ಬಂದ ಕೂಡಲೇ ಹಳೆಯ ಗಾಳಿ ಮರಳುತ್ತದೆ.

ಹಾಸನದಲ್ಲಿ 21.2ಕ್ಕಿಂತ ಕಡಿಮೆ ಇದ್ದರೆ ತಿರುಗಿ. ಮುಂದಿನ 72 ಮೈಲಿಗೆ ಒಂದು ಗಂಟೆಯ ಹತ್ತಿರ ಬೇಕು. ಹಿಂದಿನ 88 ಮೈಲಿಗೆ ಅದೇ ಗಾಳಿ ಬೆನ್ನಿಗಿರುವುದರಿಂದ 38 ನಿಮಿಷ ಸಾಕು. ತುಮಕೂರು ರಸ್ತೆ ಕಾಣುವ ಹೊತ್ತಿಗೆ ಇನ್ನೂ ರಿಸರ್ವ್ ಮುಟ್ಟಿರುವುದಿಲ್ಲ.